ಫಿಟ್ಟರ್ ಕೈಯಲ್ಲಿ ಮರುಹುಟ್ಟು ಪಡೆದ ಪಿಸ್ತೂಲು

2012ರ ಜುಲೈನಲ್ಲಿ ಅಮೆರಿಕದ ಮರೀನ್ ಪಡೆ ಕೋಲ್ಟ್ ಕಂಪನಿಗೆ ಒಂದು ಆರ್ಡರ್ ಕೊಟ್ಟಿತು. ಹೆಚ್ಚೆಂದರೆ 12,000 ಪಿಸ್ತೂಲು, 2.25 ಕೋಟಿ ಡಾಲರ್ ತನಕ ಖರ್ಚು. ಸೈನ್ಯದವರು ಪಿಸ್ತೂಲು ಕೊಳ್ಳೋದು ಒಂದು ಸುದ್ದಿಯೇ ಅಲ್ಲ, ಅಲ್ವಾ? ಆದರೆ ಅವರು ತರಿಸಿಕೊಂಡ ಎಂ1911 ಅನ್ನುವ ಮಾದರಿಯ ಪಿಸ್ತೂಲನ್ನು ಅಮೆರಿಕದ ಸೈನ್ಯ ಮೊದಲು ಒಪ್ಪಿಕೊಂಡಿದ್ದು 1911ರ ಮಾರ್ಚ್ 29ರಂದು. ನಮ್ಮ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದ ವರ್ಷ ಅದು. 1985ರಲ್ಲಿ ಅದಕ್ಕೆ ನಿವೃತ್ತಿ ಕೊಟ್ಟು, ಆ ಜಾಗಕ್ಕೆ ಇಟಲಿಯ ಬೆರೆಟ್ಟಾ ತಂದಿದ್ದರು. 27 ವರ್ಷ ಆದ ಮೇಲೆ ಮುದುಕನನ್ನು ಮತ್ತೆ ಕೆಲಸಕ್ಕೆ ಕರೆದರು.

ನಾನು ಸೈನಿಕನಲ್ಲ, ಇತಿಹಾಸದ ಮೇಷ್ಟ್ರೂ ಅಲ್ಲ. ಪೀಣ್ಯದ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ 31 ವರ್ಷ ಕಬ್ಬಿಣ ಉಜ್ಜಿದವನು. ಹಾಗಾಗಿ ಈ ಕಥೆಯಲ್ಲಿ ನನಗೆ ಗುಂಡಿಗಿಂತ ಜಾಸ್ತಿ ಕಾಣೋದು ಅರ. ಅರ ಅಂದರೆ ಗೊತ್ತಲ್ಲ, ನಾವು ಫೈಲು ಅಂತೀವಲ್ಲ, ಅದು.

ಈ ಪಿಸ್ತೂಲನ್ನು ನಾನು ಮುಟ್ಟಿದ್ದು ಜೀವನದಲ್ಲಿ ಒಂದೇ ಸಲ. ಅಮೆರಿಕದಲ್ಲಿ ಮಗಳ ಮನೆಗೆ ಹೋಗಿದ್ದೆ. ಅಳಿಯಂದಿರ ಪರಿಚಯದ ಒಬ್ಬ ಹಿರಿಯರು ತಮ್ಮ ತಂದೆಯ ಕಾಲದ ಪಿಸ್ತೂಲು ತೋರಿಸಿದರು. ಒಳಗೆ ಗುಂಡಿಲ್ಲ ಅಂತ ಎರಡೆರಡು ಸಲ ತೆರೆದು ತೋರಿಸಿ ಆಮೇಲೆ ಕೈಗೆ ಕೊಟ್ಟರು. ಒಂದು ಕೇಜಿಗಿಂತ ಸ್ವಲ್ಪ ಜಾಸ್ತಿ ತೂಕ. ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೊರೆದಿದ್ದ ಅಕ್ಷರ ಓದಿದೆ. ರೆಮಿಂಗ್ಟನ್ ರ‍್ಯಾಂಡ್ ಅಂತ ಇತ್ತು! ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿತ ಮೆಷಿನ್ ಮೇಲೆ ಇದ್ದದ್ದೂ ಅದೇ ಹೆಸರು. ನಿಮ್ಮಲ್ಲಿ ಎಷ್ಟೋ ಜನ ಲೋಯರ್, ಹೈಯರ್ ಪಾಸು ಮಾಡಿದ್ದು ಆ ಮೆಷಿನ್ ಮೇಲೇ ಇರಬೇಕು. ಟೈಪ್‌ರೈಟರ್ ಕಂಪನಿ ಪಿಸ್ತೂಲು ಮಾಡಿತ್ತಾ ಅಂತ ಆಶ್ಚರ್ಯ ಆಯಿತು. ಅದಕ್ಕೆ ಆಮೇಲೆ ಬರ್ತೀನಿ. ಸುಮ್ನೆ ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಹಳೇ ಸೈಕಲ್ಲಿನ ಮಡ್‌ಗಾರ್ಡ್ ಥರ ಗಡಗಡ ಅಂತು. ಟೂಲ್‌ರೂಮಿನವನಿಗೆ ಆ ಸದ್ದು ಕೇಳಿದರೆ ಮೈ ಉರಿಯುತ್ತದೆ. ಇಷ್ಟು ಸಡಿಲ ಇರೋದು ಗುರಿಗೆ ಹೇಗೆ ಹೊಡೆಯುತ್ತೆ?

ಇದರ ಹುಟ್ಟಿನ ಕಥೆ ಶುರುವಾಗೋದು ಫಿಲಿಪ್ಪೀನ್ಸಿನಲ್ಲಿ. 1898ರಲ್ಲಿ ಸ್ಪೇನನ್ನು ಸೋಲಿಸಿದ ಅಮೆರಿಕ ಆ ದ್ವೀಪಗಳನ್ನು ತನ್ನದು ಅಂದಿತು. ಅಲ್ಲಿಯ ಜನ ಒಪ್ಪಲಿಲ್ಲ. ಅಮೆರಿಕದ ಅಧಿಕಾರಿಗಳ ಸೊಂಟದಲ್ಲಿ ಆಗ ಇದ್ದದ್ದು ಇಂಚಿನ ಲೆಕ್ಕದಲ್ಲಿ ಪಾಯಿಂಟ್ 38 ಗಾತ್ರದ ಗುಂಡಿನ ರಿವಾಲ್ವರ್. ಕತ್ತಿ ಹಿಡಿದು ನುಗ್ಗಿ ಬರುವವನಿಗೆ ಆ ಗುಂಡು ತಾಗಿದರೂ ಅವನು ನಿಲ್ಲಲ್ಲ ಅಂತ ದೂರು ಬರತೊಡಗಿತು. 1905ರ ಅಕ್ಟೋಬರಿನಲ್ಲಿ ಸಮರ್ ದ್ವೀಪದಲ್ಲಿ ಆಂತೋನಿಯೋ ಕಾಸ್ಪಿ ಅನ್ನುವ ಕೈದಿ ತಪ್ಪಿಸಿಕೊಳ್ಳಲು ನೋಡಿದ. ಹತ್ತಿರದಿಂದಲೇ ಎದೆಗೆ ಮೂರು ಗುಂಡು ಬಿದ್ದರೂ ಬೀಳಲಿಲ್ಲ. ಕೊನೆಗೆ ಬಂದೂಕಿನ ಹಿಡಿಯಿಂದ ತಲೆಗೆ ಹೊಡೆದು ಕೆಡವಿದರು. ಇದು ಸೈನ್ಯದ ವೈದ್ಯರ ದಾಖಲೆಯಲ್ಲೇ ಇದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಪಿಸ್ತೂಲಿನ ಬಗ್ಗೆ ಬರೆಯುವವರು ಮೋರೋ ಜನರನ್ನು, ಅಂದರೆ ದಕ್ಷಿಣ ಫಿಲಿಪ್ಪೀನ್ಸಿನ ಮುಸ್ಲಿಮರನ್ನು, ಹುಚ್ಚು ಹಿಡಿದವರಂತೆ ಚಿತ್ರಿಸುತ್ತಾರೆ. ಅವರು ತಮ್ಮ ನೆಲದಲ್ಲಿ ಇದ್ದವರು, ಹಡಗು ಹತ್ತಿ ಬಂದವರು ಇನ್ನೊಬ್ಬರು. 1906ರ ಮಾರ್ಚಿನಲ್ಲಿ ಬುಡ್ ದಾಹೋ ಅನ್ನುವ ಗುಡ್ಡದ ಮೇಲೆ ಹೆಂಗಸರು ಮಕ್ಕಳು ಸೇರಿ ನೂರಾರು ಮೋರೋಗಳನ್ನು ಕೊಂದರು. ಪಿಸ್ತೂಲಿನ ಗಾತ್ರದ ಚರ್ಚೆ ನಡೆಯುತ್ತಿದ್ದದ್ದು ಅಂಥ ಯುದ್ಧದಲ್ಲಿ.

ತಮಾಷೆ ಏನು ಗೊತ್ತಾ? ಪಾಯಿಂಟ್ 38 ಸಾಲದು ಅಂದಾಗ ಅಮೆರಿಕದವರು ಮೊದಲು ಮಾಡಿದ್ದೂ ಗೋದಾಮಿನ ಬೀಗ ತೆಗೆದದ್ದೇ. 1873ರಲ್ಲಿ ಸೈನ್ಯಕ್ಕೆ ಬಂದು, 1892ರಲ್ಲಿ ಮೂಲೆಗೆ ಸೇರಿದ್ದ ಪಾಯಿಂಟ್ 45ರ ಕೋಲ್ಟ್ ರಿವಾಲ್ವರ್ ಇತ್ತು. ಕೌಬಾಯ್ ಸಿನಿಮಾದಲ್ಲಿ ನೋಡಿರ್ತೀರಿ. ಅದನ್ನು ಒರೆಸಿ, ಬ್ಯಾರೆಲ್ ಗಿಡ್ಡ ಮಾಡಿ ಫಿಲಿಪ್ಪೀನ್ಸಿಗೆ ಕಳಿಸಿದರು. ನಿವೃತ್ತರನ್ನು ವಾಪಸ್ ಕರೆಯೋ ಚಾಳಿ ಆ ಸೈನ್ಯಕ್ಕೆ ಹಳೆಯದು.

1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಅನ್ನುವ ಇಬ್ಬರು ಸೈನ್ಯಾಧಿಕಾರಿಗಳು ಷಿಕಾಗೋದ ಕಸಾಯಿಖಾನೆಯ ದನಗಳ ಮೇಲೆ, ಹೆಣಗಳ ಮೇಲೆ ಬೇರೆ ಬೇರೆ ಗುಂಡು ಹೊಡೆದು ನೋಡಿದರು. ಓದೋಕೂ ಹೇಸಿಗೆ ಆಗುವ ಪರೀಕ್ಷೆ. ವಿಜ್ಞಾನದ ಲೆಕ್ಕದಲ್ಲೂ ಅಷ್ಟಕ್ಕಷ್ಟೆ. ಪಾಯಿಂಟ್ 45ಕ್ಕಿಂತ ಚಿಕ್ಕದು ಬೇಡ ಅಂತ ವರದಿ ಬರೆದರು. ಪಾಯಿಂಟ್ 45 ಅಂದರೆ ಇಂಚಿನ ಲೆಕ್ಕ, ನಮ್ಮ ಲೆಕ್ಕದಲ್ಲಿ 11.43 ಮಿಲಿಮೀಟರ್. ಗುಂಡಿನ ತೂಕ ಸುಮಾರು 15 ಗ್ರಾಂ. ಈಗ ಎಲ್ಲ ಕಡೆ ಇರುವ 9 ಎಂಎಂ ಗುಂಡು ಸುಮಾರು 8 ಗ್ರಾಂ.

ದೊಡ್ಡ ಗುಂಡೇ ಯಾಕೆ, ತಾಗಿದ ಮೇಲೆ ಅರಳುವ ಗುಂಡು ಮಾಡಬಹುದಿತ್ತಲ್ಲ ಅಂತ ಕೇಳಬಹುದು. ಆ ಪ್ರಶ್ನೆಗೆ ಉತ್ತರ ನಮ್ಮ ದೇಶದಲ್ಲೇ ಇದೆ. ಕಲ್ಕತ್ತಾ ವಿಮಾನ ನಿಲ್ದಾಣ ಇರೋ ಡಮ್ ಡಮ್ ಊರಲ್ಲಿ ಬ್ರಿಟಿಷರ ಶಸ್ತ್ರಾಗಾರ ಇತ್ತು. 1890ರ ದಶಕದಲ್ಲಿ ಅಲ್ಲಿ ತುದಿಯ ಕವಚ ತೆಗೆದ ಗುಂಡು ಮಾಡಿದರು. ಮೈಗೆ ತಾಗಿದರೆ ಅಣಬೆಯ ಹಾಗೆ ಅರಳುವಂಥದ್ದು. ವಾಯವ್ಯ ಗಡಿಯ ಪಠಾಣರ ಮೇಲೆ ಬಳಸಿದರು. ಯುರೋಪಿನಲ್ಲಿ ಗಲಾಟೆಯಾಗಿ 1899ರ ಹೇಗ್ ಸಮ್ಮೇಳನದಲ್ಲಿ ಯುದ್ಧದಲ್ಲಿ ಅಂಥ ಗುಂಡು ಬಳಸಬಾರದು ಅಂತಾಯಿತು. ಅಮೆರಿಕ ಆ ಘೋಷಣೆಗೆ ಸಹಿ ಹಾಕಲಿಲ್ಲ, ಆದರೆ ನಡೆದುಕೊಂಡದ್ದು ಬಹುಮಟ್ಟಿಗೆ ಹಾಗೇ. ಅರಳುವ ಗುಂಡು ಬೇಡ ಅಂದ ಮೇಲೆ ಉಳಿದದ್ದು, ಹುಟ್ಟುವಾಗಲೇ ದಪ್ಪಗಿರುವ ಗುಂಡು. ನೂರು ವರ್ಷ ಪಾಯಿಂಟ್ 45ರ ಪರವಾಗಿ ವಾದ ಮಾಡಿದವರ ಕೈಯಲ್ಲಿದ್ದ ಗಟ್ಟಿ ಕಾರಣ ಇದು. ಡಮ್ ಡಮ್ ಅನ್ನೋ ಊರಿನ ಹೆಸರು ಮಾತ್ರ ಅಂಥ ಗುಂಡಿಗೆ ಅಂಟಿಕೊಂಡಿತು.

ಇನ್ನು ಜಾನ್ ಮೋಸೆಸ್ ಬ್ರೌನಿಂಗ್. ಯೂಟಾ ರಾಜ್ಯದ ಆಗ್ಡೆನ್ ಊರಿನವರು, ಹುಟ್ಟಿದ್ದು 1855ರಲ್ಲಿ. ಅಪ್ಪನೂ ಬಂದೂಕು ರಿಪೇರಿಯವರೇ. ಅಪ್ಪನ ಅಂಗಡಿಯ ಗುಜರಿ ಕಬ್ಬಿಣದಲ್ಲೇ ಕೈ ಪಳಗಿಸಿಕೊಂಡವರು. ಅವರು ಕೋಲ್ಟ್ ಕಂಪನಿಗೆ ಮಾಡಿಕೊಟ್ಟ ಪಿಸ್ತೂಲು 1911ರ ಮಾರ್ಚಿನ ಕೊನೇ ಪರೀಕ್ಷೆಗೆ ಬಂತು. ಎದುರಾಳಿ ಸ್ಯಾವೇಜ್ ಕಂಪನಿ. ಒಂದೇ ಪಿಸ್ತೂಲಿನಿಂದ 6,000 ಗುಂಡು ಹೊಡೆಯಬೇಕು. ಪ್ರತಿ 100 ಗುಂಡಿಗೆ 5 ನಿಮಿಷ ಬಿಡುವು, 1,000ಕ್ಕೆ ಒಂದು ಸಲ ಎಣ್ಣೆ. ಕೈ ಇಡೋಕಾಗದಷ್ಟು ಕಾದಾಗ ಬಕೆಟ್ ನೀರಿಗೆ ಅದ್ದಿ ಮುಂದುವರಿಸುತ್ತಿದ್ದರಂತೆ. ಆಮೇಲೆ ಆಸಿಡ್ಡಿನಲ್ಲಿ ತುಕ್ಕು ಹಿಡಿಸಿದರು, ಮರಳು ಹಾಕಿದರು, ಕೆಸರಲ್ಲಿ ಮುಳುಗಿಸಿದರು. ಸ್ಯಾವೇಜ್ 37 ಸಲ ಮುಗ್ಗರಿಸಿತು. ಬ್ರೌನಿಂಗರದ್ದು ಒಂದು ಸಲವೂ ಇಲ್ಲ.

ನನ್ನ ಗಡಗಡ ಪ್ರಶ್ನೆಗೆ ಉತ್ತರ ಇಲ್ಲಿದೆ. ಆ ಸಡಿಲ ಬೇಕಂತಲೇ ಇಟ್ಟದ್ದು. ಮರಳು, ಕೆಸರು, ಒಣಗಿದ ಎಣ್ಣೆ ಇವೆಲ್ಲ ಹೋಗಿ ಕೂರೋಕೆ ಜಾಗ ಬೇಕು. ಬಿಗಿ ಮಾಡಿದರೆ ಒಂದು ಹರಳು ಸಿಕ್ಕಿದರೂ ನಿಲ್ಲುತ್ತದೆ.

ಒಳಗಿನ ಕೆಲಸ ಹೀಗೆ. ಮೇಲೆ ಹಿಂದೆ ಮುಂದೆ ಜಾರುವ ಉಕ್ಕಿನ ಭಾಗ ಸ್ಲೈಡು. ಅದರ ಒಳಗೆ ಬ್ಯಾರೆಲ್ಲು. ಬ್ಯಾರೆಲ್ಲಿನ ಬೆನ್ನ ಮೇಲೆ ಏಣುಗಳಿವೆ, ಸ್ಲೈಡಿನ ಒಳಮೈಯಲ್ಲಿ ಅದಕ್ಕೆ ಸರಿಯಾಗಿ ಕೊರೆದ ತೋಡುಗಳಿವೆ. ಗುಂಡು ಹಾರುವಾಗ ಎರಡೂ ಕಚ್ಚಿಕೊಂಡಿರುತ್ತವೆ, ಜೊತೆಯಾಗಿ ಸ್ವಲ್ಪ ಹಿಂದೆ ಬರುತ್ತವೆ. ಅಷ್ಟರಲ್ಲಿ ಗುಂಡು ಹೊರಗೆ ಹೋಗಿರುತ್ತದೆ. ಬ್ಯಾರೆಲ್ಲಿನ ಹೊಟ್ಟೆಯ ಕೆಳಗೆ ಒಂದು ಪುಟ್ಟ ಕೊಂಡಿ ಇದೆ, ಎರಡು ತೂತು, ಬೆರಳ ಉಗುರಿನಷ್ಟು. ಆ ಕೊಂಡಿ ಬ್ಯಾರೆಲ್ಲಿನ ಹಿಂಭಾಗವನ್ನು ಕೆಳಕ್ಕೆ ಎಳೆಯುತ್ತದೆ. ಕಚ್ಚು ಬಿಡುತ್ತದೆ. ಸ್ಲೈಡು ಒಂದೇ ಹಿಂದೆ ಹೋಗಿ ಖಾಲಿ ತೋಟಾ ಎಸೆದು, ಸ್ಪ್ರಿಂಗಿನ ಬಲದಲ್ಲಿ ಮುಂದೆ ಬರುತ್ತಾ ಹೊಸದನ್ನು ತಳ್ಳಿಕೊಂಡು ಬರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ.

ಇನ್ನೊಂದು ಟ್ರಿಗರ್. ಬೇರೆ ಎಷ್ಟೋ ಪಿಸ್ತೂಲುಗಳಲ್ಲಿ ಅದು ಮೇಲೆ ಒಂದು ಪಿನ್ನಿಗೆ ತೂಗುಬಿದ್ದು ಉಯ್ಯಾಲೆಯ ಹಾಗೆ ಆಡುತ್ತದೆ. ಇದರಲ್ಲಿ ಮೇಜಿನ ಡ್ರಾಯರ್ ಥರ ನೇರ ಹಿಂದಕ್ಕೆ ಜಾರುತ್ತದೆ. ಹ್ಯಾಮರ್ ಮೊದಲೇ ಎದ್ದು ನಿಂತಿರುವುದರಿಂದ ಬೆರಳಿಗೆ ಕೆಲಸ ಕಡಿಮೆ. ಸ್ವಲ್ಪ ಒತ್ತಿದರೆ ಗಾಜಿನ ಕಡ್ಡಿ ಮುರಿದಂತೆ ಬಿಡುತ್ತದೆ. ಅದಕ್ಕೇ ಎರಡು ಬೀಗ. ಹಿಡಿಯ ಹಿಂದೆ ಒಂದು, ಅಂಗೈ ಒತ್ತದಿದ್ದರೆ ಹಾರುವುದಿಲ್ಲ. ಹೆಬ್ಬೆರಳಿಗೆ ಇನ್ನೊಂದು, ಅದನ್ನು ಕುದುರೆ ಸವಾರರಿಗಾಗಿ ಸೇರಿಸಿದ್ದು. ಒಂದು ಕೈಯಲ್ಲಿ ಲಗಾಮು, ಕುದುರೆ ಬೆದರಿ ಕುಣಿಯುತ್ತಿದೆ, ಪಿಸ್ತೂಲನ್ನು ವಾಪಸ್ ಚೀಲಕ್ಕೆ ಹಾಕಬೇಕು ಅಂದುಕೊಳ್ಳಿ. ಬೀಗ ಬೇಡವಾ? ಮೊದಲ ವರ್ಷಗಳ ಮ್ಯಾಗಜೀನಿಗೂ ದಾರ ಕಟ್ಟುವ ಒಂದು ಬಳೆ ಇತ್ತು. ಕುದುರೆ ಮೇಲಿಂದ ಬಿದ್ದರೆ ಹುಡುಕೋರು ಯಾರು!

ಈಗ ಟೈಪ್‌ರೈಟರ್ ವಿಷಯ. ಎರಡನೇ ಮಹಾಯುದ್ಧದಲ್ಲಿ ಕೋಲ್ಟ್ ಒಂದರಿಂದ ಆಗುವ ಕೆಲಸ ಅಲ್ಲ ಅಂತ ಹಂಚಿದರು. ಟೈಪ್‌ರೈಟರಿನ ರೆಮಿಂಗ್ಟನ್ ರ‍್ಯಾಂಡ್ ಎಲ್ಲರಿಗಿಂತ ಜಾಸ್ತಿ, ಸುಮಾರು 9 ಲಕ್ಷ ಮಾಡಿತು. ರೈಲ್ವೆ ಸಿಗ್ನಲ್ ಮಾಡುವ ಯೂನಿಯನ್ ಸ್ವಿಚ್ ಕಂಪನಿ 55,000 ಮಾಡಿತು. ಹೊಲಿಗೆ ಮೆಷಿನ್ನಿನ ಸಿಂಗರ್ ಕಂಪನಿ 500 ಮಾಡಿ ನಿಲ್ಲಿಸಿತು, ಅವರಿಗೆ ಬೇರೆ ಯುದ್ಧದ ಕೆಲಸ ಒಪ್ಪಿಸಿದರು. ಆ ಐನೂರರಲ್ಲಿ ಒಂದು ಸಿಕ್ಕಿದರೆ ಸಂಗ್ರಹ ಮಾಡುವವರು ಈಗ ಮನೆ ಮಾರಿಯಾದರೂ ಕೊಳ್ಳುತ್ತಾರೆ. ನಮ್ಮ ಅಮ್ಮನ ಸಿಂಗರ್ ಮೆಷಿನ್ನಿಗೆ ಗುಜರಿಯವನು ಕೊಟ್ಟ ರೇಟು ಹೇಳೋದು ಬೇಡ.

ಮೊದಲ ನಿವೃತ್ತಿಗೆ ಮುಂಚೆ ಸರ್ಕಾರ ಕೊನೇ ಸಲ ಇವನ್ನು ಕೊಂಡದ್ದು 1945ರಲ್ಲಿ. ಮುಂದಿನ 40 ವರ್ಷ ಕೊರಿಯಾ, ವಿಯೆಟ್ನಾಂ ಎಲ್ಲ ಕಡೆ ನಡೆಸಿದ್ದು ಅದೇ ಹಳೇ ಸ್ಟಾಕಿನಲ್ಲಿ. 1985ರ ಹೊತ್ತಿಗೆ ಸವೆದು ಹೋಗಿದ್ದವು. ನೇಟೋ ದೇಶಗಳು ಬಹುತೇಕ 9 ಎಂಎಂ ಬಳಸುತ್ತಿದ್ದವು. ಬೆರೆಟ್ಟಾದಲ್ಲಿ 15 ಗುಂಡು, ಇದರಲ್ಲಿ 7. ಲೆಕ್ಕ ಸರಿಯಾಗಿಯೇ ಇತ್ತು.

ಅಷ್ಟಾದರೂ ಮರೀನ್ ಪಡೆಯ ಒಂದು ಸಣ್ಣ ಗುಂಪು ಇದನ್ನು ಬಿಡಲಿಲ್ಲ. ಫೋರ್ಸ್ ರೀಕಾನ್ ಅಂತ. ಹಡಗಿನಲ್ಲಿ ತಿಂಗಳುಗಟ್ಟಲೆ ಕಾದಿದ್ದು, ಒತ್ತೆಯಾಳುಗಳನ್ನು ಬಿಡಿಸುವ, ಕೋಣೆಗೆ ನುಗ್ಗುವ ಕೆಲಸಗಳಿಗೆ ಹೋಗುವವರು. ಕತ್ತಲೆ ಕೋಣೆಯಲ್ಲಿ ಕೊಲೆಗಾರನ ಕಿವಿಯ ಪಕ್ಕದಲ್ಲೇ ಒತ್ತೆಯಾಳಿನ ತಲೆ ಇರುತ್ತದೆ. ಬೆರೆಟ್ಟಾದಲ್ಲಿ ಮೊದಲ ಗುಂಡಿಗೆ ಟ್ರಿಗರನ್ನು ಉದ್ದಕ್ಕೆ, ಬಲವಾಗಿ ಎಳೆಯಬೇಕು, ಎರಡನೆಯದರಿಂದ ಹಗುರ. ಇದರಲ್ಲಿ ಮೊದಲನೆಯದೂ ಏಳನೆಯದೂ ಒಂದೇ ಥರ. ಪಾಯಿಂಟ್ 45 ದೊಡ್ಡ ಗುಂಡು ಅಂತ ಎಲ್ಲರೂ ಹೇಳ್ತಾರೆ. ನನ್ನ ಕೇಳಿದರೆ ಇದನ್ನು ಉಳಿಸಿದ್ದು ಆ ಟ್ರಿಗರ್ರು.

ಹೊಸದು ಯಾರೂ ಮಾಡಿಕೊಡುತ್ತಿರಲಿಲ್ಲ, ಅಂದರೆ ಸೈನ್ಯಕ್ಕೆ. ಆಗ ವರ್ಜೀನಿಯಾದ ಕ್ವಾಂಟಿಕೋದಲ್ಲಿದ್ದ ಮರೀನ್ ಪಡೆಯ ಆರ್ಮರರ್‌ಗಳು, ಅಂದರೆ ಆಯುಧ ರಿಪೇರಿಯವರು, ಗೋದಾಮಿಗೆ ಹೋದರು. 1945ರ ಒಳಗಿನ ಹಳೇ ಪಿಸ್ತೂಲುಗಳನ್ನು ಒಂದೊಂದೇ ಆರಿಸಿದರು. ಕೆಳಗಿನ ಚೌಕಟ್ಟು ಒಂದನ್ನು ಇಟ್ಟುಕೊಂಡು ಬ್ಯಾರೆಲ್ಲು, ಟ್ರಿಗರ್ರು, ಹಿಡಿಯ ಬೀಗ ಎಲ್ಲ ಅಂಗಡಿ ಮಾಲು ತರಿಸಿದರು. ಹಾಗಂತ ತಂದದ್ದನ್ನು ಹಾಗೇ ಜೋಡಿಸಲಿಲ್ಲ. ಒಂದೊಂದನ್ನೂ ಅರ ಹಾಕಿ ಕೂರಿಸಿದರು.

ಕೂರಿಸುವುದು ಅಂದರೆ ಏನು ಅಂತ ಟೂಲ್‌ರೂಮಿನವರಿಗೆ ಗೊತ್ತು. ನಮ್ಮಲ್ಲಿ ಒಬ್ಬ ಹಿರಿಯ ಫಿಟ್ಟರ್ ಇದ್ದರು. ಡೈ, ಅಂದರೆ ಅಚ್ಚಿನ ಮೈಗೆ ತೆಳ್ಳಗೆ ಬ್ಲೂ ಬಣ್ಣ ಹಚ್ಚೋರು. ಜೋಡಿ ಭಾಗ ಇಟ್ಟು ಒತ್ತಿ, ಎತ್ತಿ, ಬಣ್ಣ ಎಲ್ಲಿ ಹತ್ತಿತು ಅಂತ ಟ್ಯೂಬ್‌ಲೈಟಿಗೆ ಹಿಡಿದು ನೋಡೋರು. ಹತ್ತಿದ ಜಾಗಕ್ಕೆ ಅರದಿಂದ ಒಂದು ಗೀರು. ಎರಡಲ್ಲ, ಒಂದು. ಮತ್ತೆ ಬ್ಲೂ. ಬೆಳಿಗ್ಗೆ ಕಾಫಿಗೆ ಮುಂಚೆ ಶುರು ಮಾಡಿದ್ದು ಊಟದ ಬೆಲ್ಲಿಗೂ ಮುಗಿಯುತ್ತಿರಲಿಲ್ಲ. ಆಯ್ತಾ ಅಂತ ಕೇಳಿದರೆ, “ಬಿಗಿ ಎಲ್ಲಿರಬೇಕೋ ಅಲ್ಲಿರಲಿ ಕಣಯ್ಯಾ, ಎಲ್ಲಾ ಕಡೆ ಬಿಗಿ ಮಾಡೋಕೆ ನಾನೇನು ಹೆಣ ಕಟ್ತಿದೀನಾ?” ಅನ್ನೋರು. ಕ್ವಾಂಟಿಕೋದವರು ಮಾಡಿದ್ದೂ ಅಷ್ಟೇ. ಬ್ಯಾರೆಲ್ಲು ಸ್ಲೈಡಿಗೆ ಕಚ್ಚುವ ಜಾಗ, ಬಾಯಿಯ ಹತ್ತಿರದ ಬುಷ್ಷು, ಇವು ಬಿಗಿ. ಕೊಳೆ ಸೇರುವ ಜಾಗ ಸಡಿಲ. ಗುರಿಯೂ ಬಂತು, ಓಡುವುದೂ ನಿಲ್ಲಲಿಲ್ಲ. ಆ ಹಿರಿಯರು ರಿಟೈರ್ ಆಗುವ ತನಕ ಅವರ ಕೈಕೆಳಗೆ ಒಬ್ಬ ಹುಡುಗನನ್ನು ಹಾಕಿ ಅಂತ ನಾವು ಕೇಳುತ್ತಲೇ ಇದ್ದೆವು. ಹಾಕಲಿಲ್ಲ. ಅವರು ಹೋದ ತಿಂಗಳಲ್ಲೇ ಎರಡು ಡೈ ಮೂಲೆಗೆ ಬಿದ್ದವು.

ಕ್ವಾಂಟಿಕೋಗೂ ಇದೇ ತಾಪತ್ರಯ. ಹತ್ತಿಪ್ಪತ್ತು ಜನರ ತುಕಡಿಗೆ ಕೈಯಲ್ಲಿ ಮಾಡಿಕೊಡಬಹುದು. 2001ರ ನಂತರ ಯುದ್ಧಗಳು ಶುರುವಾದ ಮೇಲೆ ಬೇಡಿಕೆ ಏರಿತು. 2003ರಲ್ಲಿ ಡಿಟ್ಯಾಚ್‌ಮೆಂಟ್ ಒನ್ ಅನ್ನುವ ಹೊಸ ತುಕಡಿ ಕಟ್ಟಿದಾಗ ಆರ್ಮರರ್‌ಗಳಿಗೆ ಪೂರೈಸಲು ಆಗದೆ ಕಿಂಬರ್ ಕಂಪನಿಯಿಂದ ಕೊಂಡರು. ಇತ್ತ ಹಳೇ ಚೌಕಟ್ಟುಗಳಿಗೆ 60 ವರ್ಷ ದಾಟಿತ್ತು. ಹಾಗೆ ಬಂದದ್ದು 2012ರ ಆರ್ಡರು. ಅದರ ಹೆಸರು ಎಂ45ಎ1. ಸ್ಟೇನ್‌ಲೆಸ್ ಉಕ್ಕು, ಮೂತಿಯ ಕೆಳಗೆ ಟಾರ್ಚ್ ಕೂರಿಸುವ ಹಳಿ, ಕತ್ತಲಲ್ಲಿ ಹೊಳೆಯುವ ಗುರಿಚುಕ್ಕಿ, ಒಂದರೊಳಗೊಂದು ಎರಡು ಸ್ಪ್ರಿಂಗು, ಮರಳಿನ ಬಣ್ಣ. ಆ ಬಣ್ಣ ಹೋಲ್‌ಸ್ಟರಿಗೆ ಉಜ್ಜಿ ಉಜ್ಜಿ ಸವೆದು ಒಳಗಿನ ಬಿಳಿ ಉಕ್ಕು ಹಲ್ಲು ಕಿರಿಯತೊಡಗಿತು, ಆಮೇಲೆ ಲೇಪನವನ್ನೇ ಬದಲಿಸಿದರು. ಆದರೆ ಹೊಟ್ಟೆಯ ಕೆಳಗಿನ ಕೊಂಡಿ 1911ರದ್ದೇ.

ಭಾಗಾಕಾರ ಮಾಡಿ ನೋಡಿ, ಬಿಡಿಭಾಗ ಎಲ್ಲ ಸೇರಿ ಒಂದಕ್ಕೆ ಸುಮಾರು 1,900 ಡಾಲರ್ ಬೀಳುತ್ತದೆ. ಪ್ಲಾಸ್ಟಿಕ್ ಚೌಕಟ್ಟಿನ 9 ಎಂಎಂ ಅದರ ಕಾಲು ಭಾಗಕ್ಕೂ ಕಡಿಮೆಗೆ ಸಿಗುತ್ತಿತ್ತು. ಅಷ್ಟರಲ್ಲಿ 9 ಎಂಎಂ ಗುಂಡುಗಳೂ ಸುಧಾರಿಸಿದ್ದವು. ಅಮೆರಿಕದ ಎಫ್‌ಬಿಐ ಕೂಡ ದೊಡ್ಡ ಗುಂಡು ಬಿಟ್ಟು 9 ಎಂಎಂಗೆ ವಾಪಸ್ ಬಂತು. 2016ರ ಹೊತ್ತಿಗೆ ಮರೀನ್ ರೇಡರ್ಸ್ ಅನ್ನುವ ವಿಶೇಷ ತುಕಡಿಯವರು ಗ್ಲಾಕ್ ಅನ್ನುವ 9 ಎಂಎಂ ಪಿಸ್ತೂಲು ಹಿಡಿದರು. ಉಳಿದ ಎಂ45ಎ1ಗಳೂ 2022ರಲ್ಲಿ ಜಾಗ ಖಾಲಿ ಮಾಡಿದವು. ಬಂದದ್ದು ಸಿಗ್ ಸಾವರ್ ಕಂಪನಿಯ ಎಂ18. ಕರೆದು ಕೂರಿಸಿದ ಹತ್ತೇ ವರ್ಷಕ್ಕೆ ಎರಡನೇ ನಿವೃತ್ತಿ. ಇದರಲ್ಲಿ ನನಗೇನೂ ಬೇಜಾರಿಲ್ಲ. ರಾತ್ರಿ ಹಡಗಿನಲ್ಲಿ ಬಿಡಿಭಾಗ ಮುರಿದರೆ ಇಪ್ಪತ್ತು ವರ್ಷದ ಹುಡುಗನೊಬ್ಬ ಹಾಗೇ ತೆಗೆದು ಹೊಸದು ಹಾಕುವಂತಿರಬೇಕು. ಫಿಟ್ಟರ್ ಸಿಗೋ ತನಕ ಕಾಯೋಕಾಗುತ್ತಾ?

ನೀವು ಕೇಳಬಹುದು, ನಮ್ಮ ಸೈನ್ಯದಲ್ಲಿ ಇದು ಇದೆಯಾ ಅಂತ. ಇದಿಲ್ಲ, ಇದರ ತಮ್ಮ ಇದ್ದಾನೆ. ಬ್ರೌನಿಂಗ್ 1911ರ ಪೇಟೆಂಟನ್ನು ಕೋಲ್ಟಿಗೆ ಮಾರಿದ್ದರು. ಆಮೇಲೆ ಬೆಲ್ಜಿಯಂನ ಎಫ್‌ಎನ್ ಕಂಪನಿಗೆ ಇನ್ನೊಂದು ಪಿಸ್ತೂಲು ಮಾಡಲು ಹೊರಟಾಗ ತಮ್ಮದೇ ಪೇಟೆಂಟನ್ನು ತಪ್ಪಿಸಿಕೊಂಡು ಹೋಗಬೇಕಾಯಿತು! ಆ ಕೆಲಸ ಮುಗಿಯಲಿಲ್ಲ. 1926ರ ನವೆಂಬರಿನಲ್ಲಿ ಲಿಯೆಜ್ ಊರಿನ ಆ ಕಾರ್ಖಾನೆಯಲ್ಲೇ ತೀರಿಕೊಂಡರು. ಪೇಟೆಂಟಿನ ಅವಧಿ 1928ರಲ್ಲಿ ಮುಗಿದ ಮೇಲೆ ಸೇವ್ ಅನ್ನುವ ಎಂಜಿನಿಯರ್ ಅದನ್ನು ಪೂರ್ತಿ ಮಾಡಿದರು. ಅದೇ 1935ರ ಹೈ ಪವರ್. ನಮ್ಮ ಅಧಿಕಾರಿಗಳ ಸೊಂಟದಲ್ಲಿ ದಶಕಗಟ್ಟಲೆ ಇದ್ದ 9 ಎಂಎಂ 1ಎ ಪಿಸ್ತೂಲು ಅದರದೇ ಪ್ರತಿ, ಇಶಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ತಯಾರಾದದ್ದು. ಡಮ್ ಡಮ್ ಇರುವ ಜಿಲ್ಲೆಯಲ್ಲೇ ಇಶಾಪುರವೂ ಇದೆ.

ಹೈ ಪವರಿನಲ್ಲಿ ಕೊಂಡಿ ಇಲ್ಲ. ಅದರ ಜಾಗದಲ್ಲಿ ಬ್ಯಾರೆಲ್ಲಿನ ಹೊಟ್ಟೆಗೇ ಒಂದು ಓರೆ ತೋಡು ಕೊರೆದ ಗಟ್ಟಿ ಉಕ್ಕಿನ ತುಂಡು ಇದೆ. ಓಡಾಡುವ ಒಂದು ಭಾಗ ಕಮ್ಮಿ, ಸವೆಯುವ ಎರಡು ತೂತು ಕಮ್ಮಿ. ಗ್ಲಾಕಿನಲ್ಲೂ ಎಂ18ರಲ್ಲೂ ಕೊಂಡಿ ಇಲ್ಲ, ಓರೆ ಉಕ್ಕೇ ಇರೋದು. ಅರ ಹಾಕೋಕೆ ಅಲ್ಲಿ ಜಾಗವೂ ಇಲ್ಲ, ಅಗತ್ಯವೂ ಇಲ್ಲ. ಆದರೆ ಗುಂಡು ಹಾರಿದ ಮೇಲೆ ಅವುಗಳ ಬ್ಯಾರೆಲ್ಲಿನ ಹಿಂಭಾಗ ಒಂದಿಷ್ಟೇ ತಗ್ಗುತ್ತದೆ, ಬಕೆಟ್ ನೀರಿಗೆ ಅದ್ದಿದ ಆ ಪಿಸ್ತೂಲಿನಲ್ಲಿ ತಗ್ಗುತ್ತಿದ್ದ ಹಾಗೇ.